ಮಾರ್ಥವ್ವ ಎದ್ದು ನಿಂತ ಭಾನುವಾರ

ಬೆಟಗೇರಿಯಲ್ಲಿ ಚರ್ಚು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮಾರ್ಥವ್ವ ಹನ್ನೊಂದು ವರ್ಷ ರೊಟ್ಟಿ ಬಡಿದಳು. ವಾರ್ಡನ್ ಜಯವಂತ ಚರ್ಚಿನ ಹಿರಿಯನೂ ಆಗಿದ್ದ. ಅವನು ಮಕ್ಕಳನ್ನು ಹೊಡೆಯುವುದನ್ನು ಅವಳು ಹಾಸ್ಟೆಲಿನ ಕಮಿಟಿಗೆ ಮೂರು ಸಲ ಮೆತ್ತಗೆ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಶನಿವಾರ ಅವನ ಏಟಿಗೆ ಸೊರಟೂರಿನ ಹುಡುಗಿ ನೇತ್ರಾಳ ಬೆರಳು ಮುರಿಯಿತು.

ಮರುದಿನ ಚರ್ಚಿನಲ್ಲಿ ಜಯವಂತ ಕೈಯೆತ್ತಿ ಪ್ರಾರ್ಥನೆಗೆ ನಿಂತಾಗ ಮಾರ್ಥವ್ವ ಎದ್ದಳು.

"ಆ ಕೈ ಎತ್ತಬ್ಯಾಡ್ರಿ. ಅದ ಕೈಲೆ ಕೂಸಿನ ಬೆರಳ ಮುರದೀರಿ" ಎಂದಳು. ಅವನು ತಲೆ ತಗ್ಗಿಸಿದ.

ವಾರದೊಳಗೆ ಕಮಿಟಿಯವರು ಅವನನ್ನು ಕೆಲಸದಿಂದ ತೆಗೆದರು. ಚರ್ಚಿನ ಮಾನ ಕಳೆದಳೆಂದು ಇವಳನ್ನೂ ತೆಗೆದರು. ಆಮೇಲೆ ಅವನ ತಮ್ಮಂದಿರು ದಿನವೂ ಅವಳ ಮನೆಯ ಮುಂದೆ ಬೈಕನ್ನು ನಿಧಾನ ಮಾಡಿ ಹಾಯತೊಡಗಿದರು. ಆ ಸದ್ದಿಗೆ ಅವಳು ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುವಳು.

"ಅಂಜಬ್ಯಾಡ್ರಿ ಅಕ್ಕಾರ, ನೀವು ಹೇಳಿದ್ದು ಖರೆ ಐತಿ" ಎಂದರು ಮನೆಗೆ ಬಂದ ಪಾಸ್ಟರ್.

"ಅವರಿಗಷ್ಟ ಅಂಜಿದ್ರ ತಡಕೋತಿದ್ನಿರಿ. ಅವತ್ತ ಅಂವ ತಲಿ ತಗ್ಗಿಸಿದಾಗ ನನಗ ಭಾಳ ಹಿತ ಆತು. ಇನ್ನೂ ತಗ್ಗಲಿ ಅನಿಸ್ತು. ಈಗೂ ಅನಸ್ತೈತಿ. ಅದಕ್ಕ ಅಂಜಿಕಿ."

ಅವನಿಗಾಗಿ ಪ್ರಾರ್ಥಿಸೋಣ ಎಂದು ಪಾಸ್ಟರ್ ಕಣ್ಣು ಮುಚ್ಚಿದರು. ಜಯವಂತನ ಹೆಸರು ಹೇಳಲು ಮಾರ್ಥವ್ವನಿಗೆ ಬಹಳ ಹೊತ್ತು ಬೇಕಾಯಿತು.