ಮೊಣಕಾಲು ನೀರಿನಲ್ಲಿ ನನ್ನನ್ನು ಉಳಿಸಿದವನು

ನಂಬಲಿಲ್ಲ...
ಬೆಳಿಗ್ಗೆ ನಮ್ಮ ಈ ಗ್ರೂಪಿನಲ್ಲಿ ಪದ್ಮಯ್ಯನ ಫೋಟೊ, ಸುತ್ತ ಹೂವಿನ ಫ್ರೇಮ್.
ಪದ್ಮಯ್ಯ ಹೋದ ಸುದ್ದಿಯನ್ನು ಪದ್ಮಯ್ಯನೇ ಹೇಳದೆ ನಂಬುವುದು ಹೇಗೆ...
ಇಷ್ಟು ವರ್ಷ ನಮ್ಮಿಬ್ಬರ ಬಗ್ಗೆ ಊರಿಗೆ ಏನು ಗೊತ್ತಿತ್ತೋ ಅದೆಲ್ಲ ಅವನ ಬಾಯಿಂದಲೇ ಹೊರಟದ್ದು.

ಕೆಳಗೆ ನಿಮ್ಮ ಕಾಮೆಂಟ್‌ಗಳನ್ನು ಓದಿದೆ.
"ರಿಯಲ್ ಹೀರೋ."
"ಮುಳುಗುತ್ತಿದ್ದ ಗೆಳೆಯನನ್ನು ಸಮುದ್ರದಿಂದ ಎಳೆದು ತಂದ ಧೀರ."
ಆ ಗೆಳೆಯ ನಾನು.
ಇನ್ನೂ ಬದುಕಿದ್ದೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ಅರುವತ್ತರ ದಶಕ. ನಾನು ಆಲಂಕಾರಿನವನು, ಅವನು ಸುಳ್ಯದ ಕಡೆಯವನು.
ಪುತ್ತೂರಿನಲ್ಲಿ ಕೆಲಸ, ಇಬ್ಬರಿಗೂ ಒಂದೇ ಬಾಡಿಗೆ ರೂಮು.
ಭಾನುವಾರ ಮೊದಲ ಬಸ್ಸಿಗೆ ಮಂಗಳೂರು, ಅಲ್ಲಿಂದ ಕಡಲ ಬದಿ.
ಬಿದಿರ ಕೋಲು, ಗಾಳ, ತೋಟದಿಂದ ಅಗೆದು ಅಡಿಕೆ ಹಾಳೆಯಲ್ಲಿ ಕಟ್ಟಿ ತಂದ ಎರೆಹುಳ...
ದಡದಲ್ಲಿ ಬಲೆ ಒಣಗಿಸುತ್ತಿದ್ದವರು ನಗುತ್ತಿದ್ದರು.
"ಎಂತ ಮಾರಾಯ್ರೆ, ಅಷ್ಟು ದೂರದಿಂದ ಬಂದದ್ದು ಮೀನಿಗೆ ಊಟ ಹಾಕ್ಲಿಕ್ಕಾ?"
ಅಪರೂಪಕ್ಕೆ ಒಂದು ಕಾಣೆ ಮೀನು ಸಿಗುತ್ತಿತ್ತು. ಅಷ್ಟಕ್ಕೇ ನಾವು ವಾರವಿಡೀ ಖುಷಿಯಲ್ಲಿರುತ್ತಿದ್ದೆವು.
ಆ ಖುಷಿ ಸುಳ್ಳಲ್ಲ. ಅದನ್ನೂ ಬರೆದಿಡುತ್ತೇನೆ.

ದಡದಲ್ಲಿ ನಿಂತು ಎಸೆದ ಗಾಳ ಅಲೆಯನ್ನು ದಾಟುತ್ತಿರಲಿಲ್ಲ.
"ದೋಣಿ ತೆಕ್ಕೊಳ್ಳುವ," ಎಂದ ಪದ್ಮಯ್ಯ.
"ನನಗೆ ಈಜಲಿಕ್ಕೆ ಬರುದಿಲ್ಲ."
"ನನಗೆ ಬರ್ತದಲ್ಲಾ. ಸಾಕು."

ಇಬ್ಬರೂ ಸೇರಿ ಹಳೆಯ ಸಣ್ಣದೊಂದು ದೋಣಿ ಕೊಂಡೆವು.
ಹಲಗೆಗಳ ಸಂದಿಗೆ ತೆಂಗಿನ ನಾರು ತುಂಬಿ, ಮೇಲೆ ರಾಳ ಬಳಿದದ್ದು.
ಕಡಲ ಬದಿಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ. ಸುಳ್ಯದಿಂದ ಅಡಿಕೆ ತಂದು ಇಳಿಸಿದ ಲಾರಿ ಖಾಲಿ ಹೋಗುವಾಗ ಅದರಲ್ಲಿ ಹೇರಿಕೊಂಡು ಪದ್ಮಯ್ಯನ ಮನೆಯ ಅಂಗಳಕ್ಕೆ ತಂದೆವು.
ಅಂಗಳದಲ್ಲಿ ಅಡಿಕೆ ಹರಡಿತ್ತು. ಪಕ್ಕದಲ್ಲಿ ದೋಣಿ ಹರಡಿದೆವು...
ಒಂದು ವಾರ ರಜೆ ಹಾಕಿ ಅಲ್ಲೇ ನಿಂತು, ದಿನಾ ಮಗುಚಿ ಹಾಕುವುದು. ಒಂದು ದಿನ ಹೊಟ್ಟೆ ಮೇಲೆ, ಒಂದು ದಿನ ಬೆನ್ನು ಮೇಲೆ.
ಅವನ ಅಕ್ಕ ಕೇಳಿದರು, "ಒಣಗಿದ ಮೇಲೆ ಇದನ್ನೂ ಸುಲಿಲಿಕ್ಕೆ ಉಂಟಾ?"
"ಒಣಗಿದ್ರೆ ಹಗುರ ಆಗ್ತದೆ ಅಕ್ಕ. ಹಗುರ ಆದ್ರೆ ತೇಲ್ತದೆ."

ಕಡಲ ಬದಿಯಲ್ಲಿ ಯಾರೂ ದೋಣಿಯನ್ನು ಬಿಸಿಲಿಗೆ ಬಿಡುವುದಿಲ್ಲ. ತೆಂಗಿನ ಮಡಲು ಮುಚ್ಚಿ ನೆರಳಿನಲ್ಲಿ ಇಡುತ್ತಾರೆ. ಹಲಗೆ ಒಣಗಿ ಕುಗ್ಗಿದರೆ ಸಂದಿ ಬಿಡುತ್ತದೆ.
ನಮಗೆ ಗೊತ್ತಿರಲಿಲ್ಲ. ಇದನ್ನು ಹೇಳಿಕೊಡಬೇಕು ಎಂದು ಮಾರಿದವನಿಗೆ ತೋಚಿರಲಿಕ್ಕಿಲ್ಲ.
ಈ ತಪ್ಪಿಗೆ ನಾನು ಪದ್ಮಯ್ಯನನ್ನು ದೂರುವುದಿಲ್ಲ. ನಾನೂ ಅಡಿಕೆ ಒಣಗಿಸುವ ಮನೆಯವನೇ.
ನನ್ನ ದೂರು ಬೇರೆ.

ಬೇಸಿಗೆಯ ಒಂದು ಭಾನುವಾರ ದೋಣಿಯನ್ನು ಮತ್ತೆ ಲಾರಿಯಲ್ಲಿ ಕಡಲಿಗೆ ತಂದು ನೀರಿಗಿಳಿಸಿದೆವು.
ಅಲೆ ದಾಟಿ ಸ್ವಲ್ಪ ಮುಂದೆ ಹೋಗುವುದರೊಳಗೆ ಎಲ್ಲ ಸಂದಿಯಿಂದಲೂ ನೀರು...

ಪದ್ಮಯ್ಯಾ, ಇಲ್ಲಿಂದ ಮುಂದಿನದ್ದನ್ನು ನಿನಗೇ ಹೇಳುತ್ತೇನೆ.
"ನೀನು ನೀರು ತೋಡಿ ಹೊರಗೆ ಚೆಲ್ತಾ ಇರು, ನಾನು ಜನ ಕರ್ಕೊಂಡು ಬರ್ತೇನೆ," ಎಂದು ನೀನು ಹಾರಿದೆ.
ನಾನು ತೋಡುತ್ತಾ ಇದ್ದೆ... ದೋಣಿ ತುಂಬಿ ಮಗುಚಿತು.
ಮಗುಚಿದರೂ ಮರ ಮುಳುಗಲಿಲ್ಲ. ಅದನ್ನು ತಬ್ಬಿಕೊಂಡಿದ್ದೆ.
ಅಲೆಗಳು ದೋಣಿಯನ್ನು ನೂಕಿ ನೂಕಿ ದಡದ ಹತ್ತಿರ ತಂದವು.
ನೀನು ಮರಳಿನ ಮೇಲೆ ಕೂತು ಲುಂಗಿ ಹಿಂಡುತ್ತಿದ್ದೆ. ಸುತ್ತ ಜನ.
ನನ್ನನ್ನು ಕಂಡದ್ದೇ ಓಡಿ ಬಂದು, ಮೊಣಕಾಲು ನೀರಿನಲ್ಲಿ ನನ್ನ ತೋಳು ಹಿಡಿದೆ.
ನೋಡಿದವರು ನೋಡಿದ್ದು ಅಷ್ಟು.
ಅವರಲ್ಲಿ ಒಬ್ಬರು ಆಮೇಲೆ ನನ್ನ ಹತ್ತಿರ ಬಂದು ಮೆಲ್ಲನೆ ಅಂದರು, "ದೋಣಿಯಲ್ಲಿ ಇನ್ನೊಬ್ಬರು ಉಂಟು ಅಂತ ಇವರು ಹೇಳ್ಲೇ ಇಲ್ಲ ಮಾರಾಯ್ರೆ."

ಹೆದರಿ ಓಡಿದ್ದನ್ನು ಕ್ಷಮಿಸಬಹುದಿತ್ತು...
ಆದರೆ ನೀನು ಮರುವಾರವೇ ನನ್ನ ಮನೆಗೆ ಬಂದು ಅಮ್ಮನಿಗೆ ಆ ಕಥೆ ಹೇಳಿದೆ.
ಅಂದಿನಿಂದ ನಮ್ಮಲ್ಲಿ ಹೊಸ ಅಕ್ಕಿ ಊಟದ ದಿನ ಮೊದಲ ಎಲೆ ನಿನಗೆ.
"ನನ್ನ ಮಗನ ಜೀವ ಇವ ಕೊಟ್ಟದ್ದು," ಎನ್ನುತ್ತಿದ್ದರು ಅಮ್ಮ, ಬಡಿಸುತ್ತಾ.
"ಅಷ್ಟೂ ಮಾಡದಿದ್ರೆ ಗೆಳೆಯ ಅಂತ ಹೇಳುದು ಯಾಕಮ್ಮ," ಎನ್ನುತ್ತಿದ್ದೆ ನೀನು, ಉಣ್ಣುತ್ತಾ.
ಮಗನನ್ನು ನೀನು ನಡುನೀರಿನಲ್ಲಿ ಬಿಟ್ಟು ಹೋಗಿದ್ದೆ ಎಂದು ತಿಳಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೆ ಸುಮ್ಮನಿದ್ದೆ.

ಅಮ್ಮ ತೀರಿದ ಮೇಲೆ ನಿನ್ನಲ್ಲಿ ಕೇಳಿದೆ.
ಊರಿಗೆ ಹೇಳುವುದು ಬೇಡ, ನನ್ನೆದುರು ಒಂದು ಸಲ ನಿಜ ಹೇಳು ಎಂದೆ.
"ಬಿಡು ಮಾರಾಯ. ಇಷ್ಟು ವರ್ಷ ಸುಮ್ಮನಿದ್ದು ಈಗ ಅದೆಲ್ಲ ತೆಗೆದ್ರೆ ಹೋಗುದು ನಿನ್ನ ಮರ್ಯಾದೆಯೇ," ಎಂದು ನೀನು ನಕ್ಕೆ.
ಇವತ್ತಿನವರೆಗೂ ಕಾದೆ. ಇನ್ನು ನೀನು ಹೇಳುವ ಹಾಗಿಲ್ಲ...

ನಾನು ಓದುವುದು ಹೆಚ್ಚಾಗಿ ಅನುವಾದದ ಕಾದಂಬರಿಗಳು. ಅವುಗಳಲ್ಲಿ ಸಮುದ್ರಕ್ಕೆ ಹೋದವರು ದೊಡ್ಡವರಾಗಿ ಮರಳುತ್ತಾರೆ. ನಾವು ಹಾಗೆ ಮರಳಲಿಲ್ಲ.

ಮಧ್ಯಾಹ್ನ ಅವನ ಮಗ ಫೋನ್ ಮಾಡಿದ್ದ. ನಾಳೆ ನುಡಿನಮನ.
"ಅಪ್ಪ ನಿಮ್ಮನ್ನು ಉಳಿಸಿದ್ದನ್ನು ನೀವೇ ಹೇಳ್ಬೇಕು ಮಾವ."
ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ. ಮೇಲೆ ಬರೆದದ್ದನ್ನೆಲ್ಲ ಹೇಳಿದೆ.
ಸಭೆಯ ಹೊತ್ತನ್ನು ಇನ್ನೊಮ್ಮೆ ಹೇಳಿದ.
"ಆದ್ರೂ ಬನ್ನಿ ಮಾವ," ಎಂದ.

ಬರುತ್ತೇನೆ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ.
ನಿಮ್ಮಲ್ಲಿ ಯಾರಾದರೂ ಆ ಕಥೆ ತೆಗೆದರೆ ಎದ್ದು ನಿಲ್ಲುತ್ತೇನೆ.

ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ, ಪದ್ಮಯ್ಯಾ...
ಹೀಗೆ ಬರೆಯುವುದು ಕ್ರಮ. ಬರೆದಿದ್ದೇನೆ.