ಟೈರು ಎಳೆದ ಗೆರೆ

ದುಬೈನ ಅಲ್ ಬರ್ಷಾದಲ್ಲಿ ನಮ್ಮ ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಮೊನ್ನೆ ಬೆಳಿಗ್ಗೆ ಪಿಕಪ್ಪೊಂದು ಎರಡು ಹಳೆಯ ಟೈರುಗಳನ್ನು ಹಗ್ಗಕ್ಕೆ ಕಟ್ಟಿ ಎಳೆಯುತ್ತಿತ್ತು. ಮರಳು ಸಮ ಮಾಡುತ್ತಿದ್ದರು. ಕಾದ ರಬ್ಬರಿನ ವಾಸನೆ ಬಾಲ್ಕನಿಯವರೆಗೂ ಬಂತು. ಕೈಯಲ್ಲಿದ್ದ ಚಹಾ ಆರಿತು... ಕಾಕಾ ನೆನಪಾದರು.

ನಾನು ಧಾರವಾಡದವನು. ಮಂಗಳೂರು ಕಡೆಯ ಆ ಹಿರಿಯರನ್ನು ಕಾಕಾ ಎನ್ನುತ್ತಿದ್ದೆ. ಅಬುಧಾಬಿಯ ಹೊರವಲಯದ ಬನಿಯಾಸ್ ದಾಟಿ ಮರುಭೂಮಿಯೊಳಗೆ ಒಂದು ಗಂಟೆ ಹೋದರೆ ಬೇಲಿ ಹಾಕಿದ ಬೇಟೆಯ ನೆಲವಿತ್ತು. ಸಾಕಿ ಬಿಟ್ಟ ಹೊಬಾರ ಹಕ್ಕಿಗಳ ಮೇಲೆ ಗಿಡುಗ ಹಾರಿಸುವ ಜಾಗ. ಆಗ ಅವರು ಅಲ್ಲಿನ ಕಾವಲುಗಾರರು; ನಾನು ಅಬುಧಾಬಿಯ ಆಫೀಸಿನಲ್ಲಿ ಅದರ ಕಾಗದಪತ್ರ ನೋಡುವವನು. ನೆಲ ಅಣ್ಣತಮ್ಮ ಇಬ್ಬರದು. ತಮ್ಮ ಪ್ರತಿ ಶುಕ್ರವಾರ ಗಿಡುಗಗಳೊಂದಿಗೆ ಬರುತ್ತಿದ್ದ. ವಿದೇಶದಲ್ಲಿದ್ದ ಅಣ್ಣನದು ಒಂದೇ ಷರತ್ತು: ತಾನು ಬರುವವರೆಗೆ ಪೂರ್ವದ ಅರ್ಧದಲ್ಲಿ ಬೇಟೆ ಕೂಡದು, ಹಕ್ಕಿಗಳು ಅಲ್ಲಿ ಮೊಟ್ಟೆಯಿಡಲಿ.

ನಡುವೆ ಬೇಲಿಯಿರಲಿಲ್ಲ. ಕಾಕಾ ದಿನಾ ಬೆಳಿಗ್ಗೆ ಪಿಕಪ್ಪಿಗೆ ಟೈರು ಕಟ್ಟಿ ಗೆರೆ ಎಳೆಯುತ್ತಿದ್ದರು. ಸಂಜೆಯೊಳಗೆ ಗಾಳಿ ಅದನ್ನು ಅಳಿಸುತ್ತಿತ್ತು. ನನ್ನ ನೆನಪಿನಲ್ಲಿ ಆ ಗೆರೆ ನೇರವಾಗಿದೆ. ಮರಳ ದಿಬ್ಬಗಳ ಮೇಲೆ ನೇರ ಗೆರೆ ಹೇಗೆ ಸಾಧ್ಯ? ನಾನೇ ನೆಟ್ಟಗೆ ಮಾಡಿಕೊಂಡಿರಬೇಕು.

"ಹಕ್ಕಿಗೆ ಗೆರಿ ತಿಳೀತದೇನ್ರೀ ಕಾಕಾ?" ಎಂದು ಕೇಳಿದ್ದೆ.

"ಹಕ್ಕಿಗಲ್ಲ ಮಾರಾಯ್ರೆ, ಸಣ್ಣ ಧಣಿಗಳಿಗೆ!"

ಹಕ್ಕಿಗಳಿಗೂ ತಿಳಿಯಿತು. ಎಲ್ಲವೂ ಪೂರ್ವಕ್ಕೇ ಸೇರಿದವು. ಬರಿಗೈಯಲ್ಲಿ ಮರಳಿ ಮರಳಿ ಬೇಸತ್ತ ತಮ್ಮ, ಅಣ್ಣನ ಒಪ್ಪಿಗೆ ತರಿಸು ಎಂದ. ಪತ್ರ ಬರೆದೆ. ನಮ್ಮ ಆಫೀಸಿನ ಪ್ರತಿ ಪತ್ರದ ಕೊನೆಗೂ ಒಂದು ಸಾಲು ಇರುತ್ತಿತ್ತು: ಏಳು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಲಾಗುವುದು. ಉತ್ತರ ಬರಲಿಲ್ಲ. ತಮ್ಮನ ಫೋನು ಮಾತ್ರ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಯಲ್ಲಾ, ಯಲ್ಲಾ, ಬೇಗ ಮುಗಿಸು.

ಎಂಟನೆಯ ದಿನ ಕಾಕಾಗೆ ಫೋನು ಮಾಡಿ ಆಫೀಸಿನ ಈ ನಿಯಮ ಹೇಳಿ, ಶುಕ್ರವಾರ ಗೆರೆ ಬೇಡ ಎಂದೆ. ಅವರು ಜೋರಾಗಿ ನಕ್ಕರು.

"ಹಾಗಾದ್ರೆ ಸತ್ತವರು ಎಲ್ಲದಕ್ಕೂ ಒಪ್ಪಿದ ಹಾಗೆ ಆಯ್ತಲ್ಲ ಮಾರಾಯ್ರೆ!" ಆಮೇಲೆ ದನಿ ಇಳಿಯಿತು. "ಅಲ್ಲಿ ಒಂದು ಹಕ್ಕಿ ಮೊಟ್ಟೆಗೆ ಕೂತಿದೆ. ಸತ್ಯ ಹೇಳಿ. ದೊಡ್ಡ ಧಣಿ ಬಾಯಿಬಿಟ್ಟು ಹೇಳಿದ್ರಾ?"

"ಹೌದ್ರೀ ಕಾಕಾ. ಹೂಂ ಅಂದಾರ್ರೀ."

ದಣಿದಿದ್ದೆ, ಅಷ್ಟೇ... ಇಲ್ಲ, ದಣಿವು ಆಮೇಲೆ ಹುಡುಕಿಕೊಂಡ ಕಾರಣವೂ ಇರಬಹುದು.

ಆ ಶುಕ್ರವಾರ ಅವರು ಗೆರೆ ಎಳೆಯಲಿಲ್ಲ. ಗಿಡುಗ ಮೊಟ್ಟೆಗೆ ಕೂತ ಹಕ್ಕಿಯ ಮೇಲೇ ಎರಗಿತು. ಮರಳಿನ ಗುಂಡಿಯಲ್ಲಿ ಎರಡು ಮೊಟ್ಟೆ ಉಳಿದವು. ಮೂರೋ...

ತಿಂಗಳ ನಂತರ ಅಣ್ಣ ಬಂದ. ಪೂರ್ವಕ್ಕೆ ಗಿಡುಗ ಬಿಡಲು ಹೇಳಿದವರು ಯಾರು ಎಂದು ಎಲ್ಲರೆದುರು ಕೇಳಿದ. ತಾನು ಒಪ್ಪಿರಲಿಲ್ಲ ಎಂದೂ ಹೇಳಿದ. ತಮ್ಮ ಮೊಬೈಲು ನೋಡುತ್ತಿದ್ದ. ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಫೈಲು ನೋಡಿದೆ. ಹರಕು ಅರಬಿಯಲ್ಲಿ ಅವರು, ತಾನೇ ದಾರಿ ಬಿಟ್ಟದ್ದು ಎಂದರು. ವೀಸಾ ರದ್ದಾಯಿತು. ಆ ಕಾಗದವನ್ನೂ ನಾನೇ ಟೈಪ್ ಮಾಡಿದೆ.

ಏರ್‌ಪೋರ್ಟಿಗೆ ಬಿಡಲು ಹೋದಾಗ ಏನೋ ಹೇಳಲು ಬಾಯಿ ತೆರೆದೆ.

"ಖಲಾಸ್, ಬಿಡಿ. ನಿಮ್ಗೆ ಸಣ್ಣ ಮಕ್ಕಳು ಉಂಟು," ಎಂದು ಚೀಲ ಎತ್ತಿಕೊಂಡರು. ಅದು ಕ್ಷಮೆಯೋ, ಬರೀ ವಿಷಯ ಮುಗಿಸಿದ್ದೋ ಗೊತ್ತಾಗಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ, ಕಳೆದ ಬೇಸಿಗೆಯಲ್ಲಿ, ಮೊಬೈಲಿನಲ್ಲಿ ಅವರಿಗೆ ಬರೆದೆ. ಅಂದು ಸುಳ್ಳು ಹೇಳಿದ್ದೆ, ಕ್ಷಮಿಸಿ. ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಎರಡು ತಿಂಗಳ ನಂತರ ಬರ್ ದುಬೈನ ದೇವಸ್ಥಾನದ ಓಣಿಯಲ್ಲಿ ಅವರ ಊರಿನವರೊಬ್ಬರು ಸಿಕ್ಕಿ, ಅವರು ತೀರಿಕೊಂಡರು ಎಂದರು.

ಪಿಕಪ್ ಹೋಯಿತು. ಕೆಳಗೆ ಮರಳು ಸಮವಾಗಿತ್ತು. ಮೊಬೈಲು ತೆಗೆದು ನೋಡಿದೆ. ನನ್ನ ಸಂದೇಶದ ಕೆಳಗೆ ಏನೂ ಇಲ್ಲ. ಏಳು ದಿನ ಎಷ್ಟೋ ಸಲ ಕಳೆದಿವೆ. ಒಪ್ಪಿಗೆಯೆಂದು ತಿಳಿಯಲು ನನ್ನಿಂದ ಆಗುತ್ತಿಲ್ಲ.