ಮೆಣಸಿನಕಾಯಿ ಗೋದಾಮಿನ ಸೀನು

ಹಾವೇರಿಯ ಒಳಾಂಗಣ ಕ್ರೀಡಾಂಗಣದಲ್ಲಿ ಈಗ ಪ್ರತಿವರ್ಷ ನಡೆಯುವ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಟೂರ್ನಿ ಹುಟ್ಟಿದ್ದು ಬ್ಯಾಡಗಿಯಲ್ಲಿ, ನನ್ನ ಮೆಣಸಿನಕಾಯಿ ಗೋದಾಮಿನಲ್ಲಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹೊಟ್ಟೆಯುರಿಯಿಂದ ಹೇಳುತ್ತಿದ್ದೇನೆ.

ಸುಗ್ಗಿ ಇಳಿದು ಗೋದಾಮು ಅರ್ಧ ಖಾಲಿಯಾದಾಗ ನಾವು ಹತ್ತು ಹನ್ನೆರಡು ವ್ಯಾಪಾರಿಗಳು ಚೀಲದ ಒಟ್ಟಿಲುಗಳ ನಡುವೆ ನೆಟ್ ಕಟ್ಟಿ ಆಡುತ್ತಿದ್ದೆವು. ಮಾಲು ಖಾಲಿಯಾದರೂ ಘಾಟು ಖಾಲಿಯಾಗುತ್ತಿರಲಿಲ್ಲ. ಅದಕ್ಕೇ ಒಂದು ನಿಯಮ: ಶಟಲ್ ಗಾಳಿಯಲ್ಲಿದ್ದಾಗ ಯಾರಾದರೂ ಸೀನಿದರೆ ಆ ಅಂಕ ರದ್ದು, ಮತ್ತೆ ಆಡಬೇಕು. ಸೀನು ಖರೇನೋ ಸುಳ್ಳೋ ಎಂದು ಯಾರೂ ಕೇಳುತ್ತಿರಲಿಲ್ಲ. ಮರ್ಯಾದಸ್ಥರ ಆಟ.

ಮೊದಲ ಫೈನಲ್ ನನಗೂ ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಗೂ ನಡೆಯಿತು. ಗೆಲ್ಲಲು ನನಗೆ ಒಂದೇ ಅಂಕ ಬೇಕಿತ್ತು. ಜೀವಮಾನದಲ್ಲಿ ಅಂಥ ಸ್ಮ್ಯಾಶ್ ಹೊಡೆದದ್ದು ಅದೊಂದೇ ಸಲ. ಶಟಲ್ ನೆಲ ಮುಟ್ಟುವ ಮೊದಲೇ ಅವನು “ಆಕ್ಷೀ” ಎಂದ. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಮೂಗು ಒಣಗಿದ ಬದನೆಕಾಯಿಯಂತಿತ್ತು. ಅಂಕ ರದ್ದಾಯಿತು, ಆಮೇಲಿನ ಶಟಲ್‌ಗಳನ್ನೆಲ್ಲ ನೆಟ್ಟಿಗೆ ಹೊಡೆದು ಸೋತೆ.

ಆಮೇಲೆ ಟೂರ್ನಿ ಬೆಳೆಯಿತು. ರಾಣೆಬೆನ್ನೂರಿನ ಕಲ್ಯಾಣಮಂಟಪಕ್ಕೆ ಹೋಯಿತು, ಅಲ್ಲಿಂದ ಹಾವೇರಿಗೆ. ಪ್ಲಾಸ್ಟಿಕ್ ಶಟಲ್ ಹೋಗಿ ಗರಿಯ ಶಟಲ್ ಬಂತು, ಅಚ್ಚಾದ ನಿಯಮಗಳ ಪುಸ್ತಕ ಬಂತು. ಗೋವಾದ ಜೋಡಿಗಳು ಬಂದವು, ನೇಪಾಳ, ಶ್ರೀಲಂಕಾದವರು ಬಂದರು. ಮಲೇಷ್ಯಾದ ಇಬ್ಬರು ಹುಡುಗಿಯರು ಕಾಗಿನೆಲೆ ನೋಡಬೇಕೆಂದು ಬಸ್ಸಿಗೆ ಕೈಮಾಡಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಬೀಜದವನು ಅಧ್ಯಕ್ಷನಾದ. ಬ್ಯಾನರಿನಲ್ಲಿ ಅವನ ಮುಖ ವರ್ಷಕ್ಕೊಂದು ಗೇಣು ಅಗಲವಾಗುತ್ತ ಹೋಯಿತು. ಟೂರ್ನಿ ದೊಡ್ಡದಾದಷ್ಟೂ ನನ್ನ ಸೋಲು ಅಂತರರಾಷ್ಟ್ರೀಯವಾಗುತ್ತಿತ್ತು.

“ಅಂವಾ ಮರತು ಎಷ್ಟೋ ವರ್ಷ ಆತು. ನೀವ ಇನ್ನೂ ಆ ಸೀನು ಹಿಡಕೊಂಡು ಕುಂತೀರಿ,” ಎನ್ನುತ್ತಿದ್ದಳು ಹೆಂಡತಿ.

ಈ ವರ್ಷ ಅವನೇ ಫೋನ್ ಮಾಡಿದ. ಕೊನೆಯ ದಿನ ಆ ಮೊದಲ ಫೈನಲನ್ನು ನಾವಿಬ್ಬರೂ ಮತ್ತೆ ಆಡಿ ತೋರಿಸಬೇಕಂತೆ. “ಇನ್ನೊಮ್ಮೆ ಸೋಲಾಕ ಬರ್ತೀಯೇನ್ಲೇ, ದೋಸ್ತ?”

“ಬರ್ತೇನಿ,” ಎಂದೆ. ಫೋನಿಟ್ಟ ಮೇಲೆ ಚಿಂತೆ ಶುರುವಾಯಿತು. ಮಂಡಿ ಹಿಡಿದರೆ? ಚಡ್ಡಿ ಜಾರಿದರೆ? ಎಲ್ಲಕ್ಕಿಂತ, ನನಗೇ ಸೀನು ಬಂದರೆ? ಹದಿನೈದು ದಿನ ಬಿಸಿನೀರಿನ ಹಬೆ ತೆಗೆದುಕೊಂಡೆ. ಜೊತೆಗೆ ಒಂದು ಬಿಳಿ ಟವೆಲ್ಲನ್ನು ಗೋದಾಮಿನಲ್ಲಿ, ಚೀಲಗಳ ಮೇಲೆ, ಹದಿನೈದು ದಿನ ಹಾಸಿಟ್ಟೆ. ಯಾಕೆಂದು ಹೆಂಡತಿಗೆ ನನ್ನ ಮುಖ ನೋಡಿ ಗೊತ್ತಾಗಿತ್ತು.

ಆವತ್ತು ಗೋದಾಮಿನ ಹಳೇ ಗೆಳೆಯರೆಲ್ಲ ಮುಂದಿನ ಸಾಲಿನಲ್ಲಿದ್ದರು. ಅಂಪೈರ್ ಮಲೇಷ್ಯಾದವರು. ಇಬ್ಬರೂ ಏದುಸಿರು ಬಿಡುತ್ತ ಕೊನೆಗೆ ಬಂದೆವು. ಮತ್ತೆ ನನಗೆ ಒಂದೇ ಅಂಕ ಬೇಕಿತ್ತು. ಸರ್ವ್ ಮಾಡುವ ಮೊದಲು ನೆಟ್ಟಿನ ಹತ್ತಿರ ಹೋಗಿ, ಅವನ ಕಡೆಗೆ ಟವೆಲ್ ಒಂದು ಸಲ ಚೆನ್ನಾಗಿ ಕೊಡವಿ, ಉಸಿರು ಬಿಗಿಹಿಡಿದು ಹಿಂದೆ ಬಂದೆ.

ಸರ್ವ್ ಮಾಡಿದೆ. ಅವನು ಎತ್ತಿ ಹೊಡೆದ. ಶಟಲ್ ನನ್ನ ತಲೆಯ ಮೇಲಿದ್ದಾಗ ಅವನ ಸೀನು ಸಿಡಿಯಿತು, ಮೂರು ಬಾರಿ, ಕಣ್ಣು ಮೂಗೆಲ್ಲ ಸೋರುತ್ತ. ನಾನು ಶಟಲ್ಲನ್ನು ನಿಧಾನವಾಗಿ ಅವನ ಕಾಲ ಬಳಿ ಇಳಿಸಿದೆ.

ಅವನು ಕೈಯೆತ್ತಿ ಮರು ಆಟ ಕೇಳಿದ. ಅಂಪೈರ್ ತಲೆಯಾಡಿಸಿ ಅಂಕವನ್ನು ನನಗೆ ಕೊಟ್ಟರು. ಅವರ ಪುಸ್ತಕದಲ್ಲಿ ಸೀನಿಗೆ ಜಾಗವಿರಲಿಲ್ಲ.

ಅವನಿಗೆ ತಲೆ ಕೆಟ್ಟಿತು. ಅಂಪೈರಿಗೆ ಕನ್ನಡ ಬರುವುದಿಲ್ಲವೆಂಬುದನ್ನೂ ಮರೆತು, ಕಣ್ಣೊರೆಸಿಕೊಳ್ಳುತ್ತ ಕೂಗಿದ: “ಹೆಂಗ್ರೀ ಅಂಕ ಕೊಡ್ತೀರಿ? ಈ ಸಲದ್ದು ಖರೇ ಸೀನು ಐತ್ರೀ!”

ಮುಂದಿನ ಸಾಲು ಒಮ್ಮೆಲೇ ನನ್ನ ಕಡೆ ತಿರುಗಿತು.

“ಮತ್ತ ಆವತ್ತಿಂದು?” ಎಂದೆ.

ಬಾಯಿ ತೆರೆದ, ಉತ್ತರದ ಬದಲು ನಾಲ್ಕನೇ ಸೀನು ಬಂತು. ಹಳೇ ಗೆಳೆಯರು ಕುರ್ಚಿ ಬಡಿದು ನಕ್ಕರು. “ಕಳ್ಳನ್ನ ಹಿಡಿದ್ಯಲ್ಲೋ, ಮೆಣಸಿನಕಾಯಿ!” ಎಂದ ಒಬ್ಬ ನನಗೆ. ಅಧ್ಯಕ್ಷರು ಬಹುಮಾನ ಕೊಡುವ ಮುಂಚೆಯೇ ಮುಖ ತೊಳೆಯಲು ಹೋದರು, ತಿರುಗಿ ಬರಲಿಲ್ಲ.

ಟವೆಲ್ ತೊಳೆಯಲು ಕೊಡಿರೆಂದು ಹೆಂಡತಿ ಎರಡು ಸಲ ಕೇಳಿದಳು. ನಾನಿನ್ನೂ ಕೊಟ್ಟಿಲ್ಲ.